ಕೊಳದ ದುರಸ್ತಿಯೂ ಶ್ರಾವಕನ ಲೆಕ್ಕವೂ

ಮನೆಯಂಗಳದ ಈಜುಕೊಳದ ಒಳಗಾರೆ ಬಿರುಕುಬಿಟ್ಟಾಗ ಗೃಹಸ್ಥನು ಮೊದಲು ಕೇಳುವ ಪ್ರಶ್ನೆ, ಚದರಡಿಗೆ ಎಷ್ಟು ಎಂಬುದು. 10 ಮೀಟರು ಉದ್ದ, 5 ಮೀಟರು ಅಗಲ, ಒಂದೂವರೆ ಮೀಟರು ಆಳದ ಕೊಳವೆಂದರೆ ತಳವೂ ಗೋಡೆಗಳೂ ಸೇರಿ 95 ಚದರ ಮೀಟರು, ಅರ್ಥಾತ್ ಸಾವಿರ ಚದರಡಿಗೆ ತುಸು ಹೆಚ್ಚು. ಹಳೆಯ ಗಾರೆ ಕಿತ್ತು, ನೀರು ಜಿನುಗದಂತೆ ಲೇಪ ಬಳಿದು, ಹೊಸ ಟೈಲ್ಸ್ ಕೂರಿಸಲು ಚದರಡಿಗೆ 300 ರೂಪಾಯಿ ಎಂದಿಟ್ಟುಕೊಂಡರೂ ಮೊತ್ತ ಮೂರು ಲಕ್ಷವನ್ನು ದಾಟುತ್ತದೆ. ಗುತ್ತಿಗೆದಾರನ ಅಂದಾಜುಪಟ್ಟಿ ಇಲ್ಲಿಗೆ ಮುಗಿಯುತ್ತದೆ. ಜೈನ ಗೃಹಸ್ಥನ ಲೆಕ್ಕ ಇಲ್ಲಿಂದ ಆರಂಭವಾಗಬೇಕು.

ಅಂತಹ ಕೊಳದಲ್ಲಿ ಹಿಡಿಯುವ ನೀರು 75,000 ಲೀಟರು. ದುರಸ್ತಿಗೆ ಮುನ್ನ ಅದನ್ನು ಚರಂಡಿಗೆ ಬಿಡಬೇಕು. ಕೆಲಸ ಮುಗಿದ ಮೇಲೆ ಮತ್ತೆ ಅಷ್ಟನ್ನೇ ತುಂಬಬೇಕು. ಜಲಜೀವನ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ್ದು 55 ಲೀಟರು. ಆ ಪ್ರಮಾಣದಲ್ಲಿ ಐವರ ಮನೆಯೊಂದಕ್ಕೆ ಸುಮಾರು ಒಂಬತ್ತು ತಿಂಗಳಿಗೆ ಸಾಲುವ ನೀರು ಒಂದೇ ಭರ್ತಿಗೆ ಹೋಗುತ್ತದೆ. ಬೇಸಗೆಯ ತುಂಗಭದ್ರೆಯಲ್ಲಿ ಮರಳೂ ಬಂಡೆಯೂ ಎದ್ದು ಕಾಣುವುದನ್ನು ನೋಡಿ ಬಲ್ಲ ಗುತ್ತೂರು, ಹರಿಹರದವರಿಗೆ ಇದನ್ನು ವಿವರಿಸಬೇಕಿಲ್ಲ. 2023ರ ಬರದ ಬೆನ್ನಲ್ಲೇ, 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಣುವ್ರತ ಹೇಳಬೇಕಾದ ಮಾತನ್ನು ದಂಡದ ರಸೀದಿ ಹೇಳುವಂತಾದದ್ದು ಸಮಾಜಕ್ಕೆ ಶೋಭೆಯೇ?

ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯವಲ್ಲವೇ ಎಂಬ ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ಅಡುಗೆ, ವಸತಿ, ಸ್ನಾನಗಳ ಸಲುವಾಗಿ ಇರುವ ಆ ರಿಯಾಯಿತಿಯನ್ನು ವಿಲಾಸಕ್ಕೆ ಎಳೆಯುವುದು, ಮನೆಯ ಮೋಜಿನ ಖರ್ಚನ್ನು ಅಂಗಡಿಯ ಖಾತೆಗೆ ಬರೆದಂತೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನೆಲ, ನೀರು, ಬೆಂಕಿ, ಗಾಳಿಗಳ ನಿಷ್ಪ್ರಯೋಜಕ ಬಳಕೆಯನ್ನು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ನೀರೇ ಕಾಯವಾಗಿರುವ ಜೀವಗಳನ್ನು ನಂಬುವ ಧರ್ಮದಲ್ಲಿ ಇದು ಸಣ್ಣ ಮಾತಲ್ಲ. ಒಂದು ಕೊಡ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೇದಿದ ಬಾವಿಗೇ ಮರಳಿಸುತ್ತಿದ್ದ ಅಜ್ಜಿಯರ ಮನೆತನಗಳಲ್ಲಿ ಇಂದು ಕೊಳಕ್ಕೆ ಕ್ಲೋರಿನ್ ಸುರಿಯಲಾಗುತ್ತಿದೆ. ನೀರಿನಲ್ಲಿ ಏನೂ ಬದುಕದಂತೆ ನೋಡಿಕೊಳ್ಳುವುದೇ ಅದರ ಕೆಲಸ! ಅಡುಗೆಮನೆಯ ನಲ್ಲಿಗೆ ಮಾತ್ರ ಇನ್ನೂ ಬಿಳಿಯ ಬಟ್ಟೆ ಕಟ್ಟಿದೆ.

ಈಜು ಕಲಿಯುವುದು ತಪ್ಪಲ್ಲ. ನದೀತೀರದ ಮಕ್ಕಳಿಗೆ ಅದು ಪ್ರಾಣ ಉಳಿಸುವ ವಿದ್ಯೆ. ನೂರು ಮಕ್ಕಳು ಹಂಚಿಕೊಳ್ಳುವ ಸಾರ್ವಜನಿಕ ಕೊಳ ಅದಕ್ಕೆ ಸಾಕು.

ಕಟ್ಟಿಸಿದ್ದನ್ನು ಪಾಳುಬಿಡುವುದೇ ಎಂದು ಕೇಳುವವರೂ ಉಂಟು. ಬೇಕಿಲ್ಲ. ದಾವಣಗೆರೆಯ ಭಾಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುತ್ತದೆ. 120 ಚದರ ಮೀಟರಿನ ಮಾಳಿಗೆಯ ಮೇಲೆ ಅದು 72,000 ಲೀಟರು. ಅಷ್ಟಿಷ್ಟು ನಷ್ಟವಾದರೂ ಕೊಳದ ಬಹುಭಾಗ ತುಂಬುತ್ತದೆ. ಮಳೆನೀರಿನ ತೊಟ್ಟಿಗೆ ಟೈಲ್ಸ್ ಬೇಡ, ಸೋರದ ಗಾರೆ ಮತ್ತು ಜೀವಿಗಳು ಬೀಳದಂತೆ ಭದ್ರವಾದ ಮುಚ್ಚಳ ಸಾಕು. ದಶಲಕ್ಷಣ ಪರ್ವದಲ್ಲಿ ಪರಿಗ್ರಹ ಪರಿಮಾಣದ ನಿಯಮ ಕೊಡಿಸುವ ಬಸದಿಯ ಟ್ರಸ್ಟಿನವರು ಹೊಲ, ಮನೆ, ಚಿನ್ನಗಳ ಪಟ್ಟಿಗೆ ಇನ್ನು ಮುಂದೆ ನೀರಿನದೂ ಒಂದು ಸಾಲು ಸೇರಿಸಲಿ. ಮೊದಲ ಸಹಿಯನ್ನು ಟ್ರಸ್ಟಿನ ಪದಾಧಿಕಾರಿಗಳೇ ಹಾಕಲಿ.