ಸೋಮಾರಿ ಎನ್ನುವ ಮುನ್ನ

ತರಗತಿಯ ಹಿಂದಿನ ಸಾಲಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ತೂಕಡಿಸುವ ಹುಡುಗನನ್ನಾಗಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನೆಲವನ್ನೇ ದಿಟ್ಟಿಸುವ ಹುಡುಗಿಯನ್ನಾಗಲಿ ಕಂಡಾಗ, ನಮ್ಮ ಅಧ್ಯಾಪಕರೂ ತಂದೆತಾಯಿಗಳೂ ಬಹು ಶೀಘ್ರವಾಗಿ ಒಂದು ತೀರ್ಪಿಗೆ ಬಂದುಬಿಡುತ್ತಾರೆ. ‘ಸೋಮಾರಿ’, ‘ಓದಿನ ಮೇಲೆ ಗಮನವಿಲ್ಲ’, ‘ಮೊಬೈಲು ಹಾಳುಮಾಡಿತು’ ಎಂಬ ಮಾತುಗಳು ಯಾವ ವಿಚಾರಣೆಯೂ ಇಲ್ಲದೆ ಹೊರಬೀಳುತ್ತವೆ. ಇವುಗಳಲ್ಲಿ ಅಲ್ಪಸ್ವಲ್ಪ ಸತ್ಯವಿದ್ದರೂ ಇರಬಹುದು; ಆದರೆ ನಾವು ಶೀಲದ ದೋಷವೆಂದು ಎಣಿಸುವುದು ಎಷ್ಟೋ ಸಂದರ್ಭಗಳಲ್ಲಿ ಹಸಿವೋ, ರಕ್ತಹೀನತೆಯೋ, ನಿದ್ರೆಯ ಅಭಾವವೋ, ಯಾರಲ್ಲಿಯೂ ಹೇಳಿಕೊಳ್ಳಲಾಗದ ದುಃಖವೋ ಆಗಿರುತ್ತದೆಂಬುದೂ, ದೇಹದ ಕಡೆಗೆ ಒಮ್ಮೆಯೂ ನೋಡದೆ ನಡತೆಯನ್ನು ನಿಂದಿಸುವುದು ದೊಡ್ಡ ಅನ್ಯಾಯವೆಂಬುದೂ ನನ್ನ ದೃಢವಾದ ಅಭಿಪ್ರಾಯ.

ತಳಕು, ನಾಯಕನಹಟ್ಟಿ, ಗೌರಸಮುದ್ರದ ಕಡೆಯ ಹಳ್ಳಿಗಳಿಂದ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ದಿನವೂ ಓದಲು ಹೋಗಿಬರುವ ಮಕ್ಕಳ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಾತು ಅತಿಶಯೋಕ್ತಿಯೆನಿಸದು. ಬೆಳಗಾಗುವ ಮೊದಲೇ ಎದ್ದು, ದನಕರುಗಳ ಕೆಲಸವನ್ನೋ ನೀರು ಹಿಡಿಯುವ ಕೆಲಸವನ್ನೋ ಮುಗಿಸಿ, ಒಲೆಯ ಮೇಲಿನ ಮುದ್ದೆ ಬೇಯುವಷ್ಟರಲ್ಲಿ ಬಸ್ಸು ತಪ್ಪೀತೆಂಬ ಭಯದಿಂದ ಬರಿಹೊಟ್ಟೆಯಲ್ಲಿಯೇ ಹೆದ್ದಾರಿಗೆ ಓಡಿಬಂದ ಹುಡುಗಿ, ನಿಲ್ದಾಣದ ಅಂಗಡಿಯಲ್ಲಿ ಒಂದು ಲೋಟ ಟೀ ಕುಡಿದು, ಮಧ್ಯಾಹ್ನ ಗೆಳತಿಯರೊಡನೆ ಮಂಡಕ್ಕಿ ಮೆಣಸಿನಕಾಯಿ ಹಂಚಿಕೊಂಡು ತಿಂದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾಳೆ. ಆ ದಿನದ ಮೊದಲ ನಿಜವಾದ ಊಟ ಅವಳಿಗೆ ದೊರೆಯುವುದು ರಾತ್ರಿಯಲ್ಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿ, ಓದು ನಿಲ್ಲಬೇಕಾಗಿದ್ದ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲನ್ನು ಹತ್ತುವಂತಾದದ್ದು ಮಹೋಪಕಾರವೇ ಸರಿ. ಆದರೆ ಕಾಲೇಜನ್ನು ಮುಟ್ಟಿದ ಮೇಲೆ ಪಾಠವನ್ನು ಕೇಳುವುದಕ್ಕೆ ದೇಹದಲ್ಲಿ ಶಕ್ತಿಯೂ ಇರಬೇಕಷ್ಟೆ.

ಎಣ್ಣೆನಗರವೆಂದು ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ ಹುಟ್ಟಿ, ಮನೆಯಂಗಳದಲ್ಲಿಯೇ ಶೇಂಗಾ ಒಣಗುತ್ತಿರುವುದನ್ನು ನೋಡುತ್ತ ಬೆಳೆದ ಮಕ್ಕಳಿಗೆ ಪೌಷ್ಟಿಕಾಹಾರವನ್ನು ಬೇರೆಲ್ಲಿಂದಲೋ ತರಬೇಕಾಗಿಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ನವಣೆ, ಸಜ್ಜೆ, ಹುರುಳಿಗಳು ಈ ಮಳೆಯಿಲ್ಲದ ನೆಲಕ್ಕೆ ಒಗ್ಗಿ ಬಂದ ಧಾನ್ಯಗಳು. ಹಿಂದಿನ ರಾತ್ರಿ ನೆನೆಸಿಟ್ಟ ಒಂದು ಹಿಡಿ ಶೇಂಗಾವನ್ನು ಬೇಯಿಸಿ ಬೆಲ್ಲದೊಡನೆ ಡಬ್ಬಿಗೆ ಹಾಕಿಕೊಡುವುದಕ್ಕೆ ತಾಯಿಯಾದವಳಿಗೆ ಹೆಚ್ಚಿನ ಶ್ರಮವಿಲ್ಲ, ಹದಿನೆಂಟು ತುಂಬಿದ ಮಗನೇ ಅದನ್ನು ಮಾಡಿಕೊಳ್ಳುವುದರಲ್ಲಿ ಅವಮಾನವೂ ಇಲ್ಲ. ನಮ್ಮ ಹುಡುಗರಿಗೆ ಪೊಟ್ಟಣದ ಕುರುಕಲು ತಿಂಡಿ ನಾಗರಿಕವೆಂದೂ, ಬುತ್ತಿಯ ರೊಟ್ಟಿ ಗ್ರಾಮ್ಯವೆಂದೂ ಯಾರು ಕಲಿಸಿದರೋ ತಿಳಿಯದು. ಆ ಪಾಠವನ್ನು ಮರೆಸುವುದು ಕಾಲೇಜಿನ ಕರ್ತವ್ಯಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದವರೆಗಿನ ಸ್ತ್ರೀಯರಲ್ಲಿ ಶೇಕಡ 47.8ರಷ್ಟು ಮಂದಿ ರಕ್ತಹೀನರು, ಎಂದರೆ ಹೆಚ್ಚುಕಡಮೆ ಇಬ್ಬರಲ್ಲಿ ಒಬ್ಬರು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವಾಗುತ್ತಲೇ ತಲೆಸುತ್ತು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು, ಕಾರಣವಿಲ್ಲದ ಸಿಡುಕು ಇವೆಲ್ಲ ಕಬ್ಬಿಣದ ಅಂಶ ಸಾಲದ ರಕ್ತದ ಲಕ್ಷಣಗಳಾಗಿರಬಲ್ಲವು. ಸ್ತ್ರೀಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತಲೂ, ಪುರುಷರಲ್ಲಿ 13 ಗ್ರಾಂಗಿಂತಲೂ ಕೆಳಗಿಳಿದರೆ ಅದು ರಕ್ತಹೀನತೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಹನಿ ರಕ್ತದಿಂದ ತಿಳಿಯುವ ಈ ಸಂಗತಿಯನ್ನು ತಿಳಿಯದೆ, ವರ್ಷವಿಡೀ ಆ ಹುಡುಗಿಯನ್ನು ಮಂದಬುದ್ಧಿಯೆಂದು ಕರೆದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಊಟದ ಜೊತೆಗೇ ಟೀ ಕುಡಿದರೆ ಆಹಾರದ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲವೆಂಬುದನ್ನೂ, ನಿಂಬೆಯ ರಸವೋ ನೆಲ್ಲಿಕಾಯಿಯೋ ಇದ್ದರೆ ಚೆನ್ನಾಗಿ ಹತ್ತುತ್ತದೆಂಬುದನ್ನೂ ಹೇಳಿಕೊಡಲು ವೈದ್ಯರೇ ಬರಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕೆಲವು ತರುಣರು ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ನೋಡಿದವರು ನೋಡಿರುತ್ತಾರೆ. ಈ ಭಾಗದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದರಿಂದ, ಹಾಲುಹಲ್ಲಿನ ಹಿಂದೆ ಶಾಶ್ವತ ಹಲ್ಲು ರೂಪುಗೊಳ್ಳುವ ಶೈಶವದಲ್ಲಿಯೇ ಅದರ ಮೇಲ್ಪದರಕ್ಕೆ ಕಂದುಬಣ್ಣ ಹಿಡಿದುಬಿಡುತ್ತದೆ. ಎಷ್ಟು ಉಜ್ಜಿದರೂ ಹೋಗದ ಆ ಕಲೆಯನ್ನು ನೋಡಿ ‘ಹಲ್ಲುಜ್ಜುವುದಿಲ್ಲವೇನೋ’ ಎಂದು ಸಹಪಾಠಿಯೊಬ್ಬನು ಹಾಸ್ಯಮಾಡಿದರೆ, ಆ ಹುಡುಗ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಸಂದರ್ಶನಕ್ಕೆ ಹೋಗಲು ಹಿಂಜರಿಯುತ್ತಾನೆ. ಕ್ರಮೇಣ ತನ್ನನ್ನು ತಾನೇ ಹೀನನೆಂದು ನಂಬುತ್ತಾನೆ. ಆದಕಾರಣ ದೇಹದ ಆರೋಗ್ಯ ಒಂದು, ಮನಸ್ಸಿನ ಆರೋಗ್ಯ ಮತ್ತೊಂದು ಎಂದು ವಿಭಾಗಿಸುವುದು ನಮ್ಮ ಸೀಮೆಗೆ ಒಪ್ಪುವ ಮಾತಲ್ಲ. ಆ ಕಲೆ ನೆಲದ ಆಳದ ಶಿಲೆಯಿಂದ ಬಂದದ್ದು, ಅವನ ಅಶುಚಿಯಿಂದಲ್ಲ. ನೀರನ್ನು ಕುದಿಸುವುದರಿಂದ ಫ್ಲೋರೈಡು ಹೋಗದು, ಆವಿಯಾದಷ್ಟೂ ಸಾಂದ್ರವೇ ಆಗುತ್ತದೆ. ಮುಂದೆ ಮೂಳೆ ಸಂದುಗಳು ಬಿಗಿಯದಿರಬೇಕಾದರೆ ಸುಸ್ಥಿತಿಯಲ್ಲಿರುವ ಶುದ್ಧ ನೀರಿನ ಘಟಕದಿಂದ ಕುಡಿಯುವ ನೀರನ್ನು ತರತಕ್ಕದ್ದು. ಕಾಲೇಜಿನ, ವಿದ್ಯಾರ್ಥಿನಿಲಯದ ನೀರನ್ನು ಪರೀಕ್ಷೆ ಮಾಡಿಸಿ ಅದರ ಫಲಿತಾಂಶವನ್ನು ಸೂಚನಾಫಲಕದಲ್ಲಿ ಅಂಟಿಸಬೇಕೆಂದು ವಿದ್ಯಾರ್ಥಿಗಳು ಕೇಳಿದರೆ ಅದು ಉದ್ಧಟತನವಲ್ಲ.

ನಿದ್ರೆಯ ವಿಷಯವಾಗಿ ದೀರ್ಘ ವ್ಯಾಖ್ಯಾನ ಬೇಡ. ಈ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆಗಳ ನಿದ್ರೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ಆ ಹೊತ್ತಿನಲ್ಲಿಯೇ. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಾಗಿದ್ದೆನೆಂದು ಹೆಮ್ಮೆಪಡುವವನೂ, ಮೊಬೈಲಿನ ಬೆಳಕಿನಲ್ಲಿ ನಡುರಾತ್ರಿ ಕಳೆಯುವವನೂ ಒಂದೇ ನಷ್ಟವನ್ನು ಅನುಭವಿಸುತ್ತಾರೆ.

ಮನಸ್ಸಿನ ಮಾತಿಗೆ ಬಂದರೆ, ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿಗೆ ಕಾಲಿಟ್ಟ ವಿದ್ಯಾರ್ಥಿಯ ಹೆಗಲ ಮೇಲಿರುವ ಭಾರವನ್ನು ಹೊರಗಿನವರು ಅಳೆಯಲಾರರು. ಮಳೆ ಕೈಕೊಟ್ಟ ವರ್ಷ ಅಪ್ಪ ಮಾಡಿದ ಸಾಲ, ಕುರಿ ಮಾರಿ ಕಟ್ಟಿದ ಶುಲ್ಕ, ತಂಗಿಯ ಮದುವೆ, ಕನ್ನಡದಲ್ಲಿ ಓದಿ ಬಂದವನಿಗೆ ಒಮ್ಮೆಲೇ ಎದುರಾದ ಇಂಗ್ಲಿಷಿನ ಪಠ್ಯ, ಇವುಗಳ ನಡುವೆ ಒಂದು ವಿಷಯದಲ್ಲಿ ಅನುತ್ತೀರ್ಣನಾದರೆ ಇಡೀ ಮನೆಯನ್ನೇ ಮುಳುಗಿಸಿದೆನೆಂಬ ಭಾವನೆ ಅವನಲ್ಲಿ ಹುಟ್ಟುತ್ತದೆ. ಮನೋರೋಗಗಳ ಪೈಕಿ ಸುಮಾರು ಮುಕ್ಕಾಲು ಪಾಲು ಇಪ್ಪತ್ತೈದರ ಒಳಗೇ ತಲೆದೋರುತ್ತವೆಂದು ವೈದ್ಯಶಾಸ್ತ್ರ ಹೇಳುವುದರಿಂದ, ಕಾಲೇಜಿನ ವರ್ಷಗಳಲ್ಲಿ ಎಚ್ಚರ ಅತ್ಯವಶ್ಯ. ದುಃಖವೆಲ್ಲ ರೋಗವಲ್ಲ; ಆದರೆ ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿಯೇ ಇದ್ದು, ಪ್ರಿಯವಾದ ಆಟಪಾಟಗಳೂ ಬೇಡವೆನಿಸಿ, ಹಸಿವು ನಿದ್ರೆಗಳು ಕೆಟ್ಟು, ಬದುಕೇ ವ್ಯರ್ಥವೆಂಬ ಯೋಚನೆ ಸುಳಿಯತೊಡಗಿದರೆ ಅದಕ್ಕೆ ಚಿಕಿತ್ಸೆ ಬೇಕು. ಅಂಥ ಯೋಚನೆ ಬರುತ್ತಿದೆಯೇ ಎಂದು ಗೆಳೆಯನನ್ನು ನೇರವಾಗಿ ಕೇಳಿದರೆ ಅವನಲ್ಲಿ ಅದನ್ನು ಬಿತ್ತಿದಂತಾಗುತ್ತದೆಂಬ ಭಯ ಆಧಾರವಿಲ್ಲದ್ದು. ಕೇಳುವುದರಿಂದ ಭಾರ ಇಳಿಯುತ್ತದೆ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊರುವವರು ಹೊರಲಿ; ವೈದ್ಯರು ಬರೆದುಕೊಟ್ಟ ಗುಳಿಗೆಯನ್ನೂ ತಪ್ಪದೆ ನುಂಗಲಿ.

ಮನೋವೈದ್ಯವೆಂದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆ ಎಂಬ ಭ್ರಮೆಯನ್ನು ಹೋಗಲಾಡಿಸಿದ ಪ್ರಯೋಗ ನಡೆದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿಯೇ. ತಾಲ್ಲೂಕಿನ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತು ಕೊಟ್ಟು, ರೋಗಿಯಿದ್ದ ಊರಿನ ಬಳಿಯಲ್ಲಿಯೇ ಚಿಕಿತ್ಸೆ ದೊರಕಿಸಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಧಿಸಿ ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಸೇವೆಯೂ ಇದೆ; 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಊರಿಗೆಲ್ಲ ಗೊತ್ತಾದರೆ ಗತಿಯೇನೆಂದು ಅಂಜುವವರಿಗೆ ಒಂದು ಮಾತು: ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯೇ ವಿಧಿಸಿದೆ.

ಇನ್ನು ಅಧ್ಯಾಪಕರ ಹೊಣೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಬರೆಸಿದ ಶಾಸನದಲ್ಲಿ, ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಉಂಟು. ಆಚಾರ್ಯನಾದವನು ಶಿಷ್ಯನಿಗೆ ಏನನ್ನು ಸಲ್ಲಿಸಬೇಕೆಂಬುದನ್ನು ತಳಕಿನ ಮನೆತನದ ಟಿ.ಎಸ್. ವೆಂಕಣ್ಣಯ್ಯನವರು (1885–1939) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬದುಕಿ ತೋರಿಸಿದರು. ಅವರ ಶಿಷ್ಯರಾದ ಕುವೆಂಪು ತಮ್ಮ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿರುವುದು ಈ ಗುರುವಿಗೆ. ಪಾಠ ಹೇಳಿದ ಮಾತ್ರಕ್ಕೆ ಯಾರೂ ಅಂಥ ಋಣವನ್ನು ಸಂಪಾದಿಸಲಾರರು. ಶಿಷ್ಯನ ಒಳಗನ್ನು ಅರಿತು ದಾರಿ ತೋರಿದವರಿಗೆ ಮಾತ್ರ ಅದು ಸಲ್ಲುತ್ತದೆ. ಇಂದಿನ ಅಧ್ಯಾಪಕರಿಗೆ ಹಾಜರಿ, ದತ್ತಾಂಶ, ವರದಿಗಳ ಹೊರೆ ಬಹಳವೆಂಬುದನ್ನು ಬಲ್ಲೆ. ಆದರೂ ಮೂರು ದಿನ ಬಾರದ ಹುಡುಗನನ್ನು ನಾಲ್ಕನೆಯ ದಿನ ಎಲ್ಲರ ಮುಂದೆ ಗದರಿಸುವ ಬದಲು, ಬದಿಗೆ ಕರೆದು ‘ಊಟ ಆಯಿತೇನಪ್ಪ, ಮನೆಯಲ್ಲಿ ಎಲ್ಲ ಹೇಗಿದ್ದಾರೆ’ ಎಂದು ವಿಚಾರಿಸಲು ಐದು ನಿಮಿಷ ಸಾಕು.

ಉಳಿದದ್ದು ಆಡಳಿತದ ಹೊಣೆ. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದೂ, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕವನ್ನು ಏರ್ಪಡಿಸಿಕೊಳ್ಳಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ನಿರ್ದೇಶಿಸಿದೆ. ಈ ನಿರ್ದೇಶನ ಮಹಾನಗರಗಳ ಕಾಲೇಜುಗಳಿಗೆಂದು ಬರೆದದ್ದಲ್ಲ; ಚಳ್ಳಕೆರೆ, ಮೊಳಕಾಲ್ಮೂರಿನ ಕಾಲೇಜುಗಳಿಗೂ ವಿದ್ಯಾರ್ಥಿನಿಲಯಗಳಿಗೂ ಅಷ್ಟೇ ಅನ್ವಯಿಸುತ್ತದೆ. ಪ್ರಾಂಶುಪಾಲರೂ ಆಡಳಿತ ಮಂಡಳಿಗಳೂ ಮುಂದಿನ ಪ್ರವೇಶಾತಿ ಆರಂಭವಾಗುವ ಮೊದಲೇ ಆ ವ್ಯಕ್ತಿಯನ್ನು ನೇಮಿಸಿ, ಅವರು ಯಾವ ಕೊಠಡಿಯಲ್ಲಿ, ಯಾವ ವೇಳೆಯಲ್ಲಿ ದೊರೆಯುತ್ತಾರೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ತಂದೆತಾಯಿಗಳು ಶುಲ್ಕವೆಷ್ಟೆಂದು ವಿಚಾರಿಸುವಾಗಲೇ ಇದನ್ನೂ ವಿಚಾರಿಸಬೇಕು.