ತಲೆಯ ಹೊರೆಯನ್ನಿಳಿಸಿದ ಮಂತ್ರಿಗಳು

ವಾಚಕರೆ, ಚಿಕ್ಕಜಾಜೂರಿನ ರೈಲು ನಿಲ್ದಾಣದಲ್ಲಿ ಗಂಟನ್ನು ತಲೆಯ ಮೇಲಿಟ್ಟು ಇಳಿಯುವವರನ್ನು ಕಾಣುತ್ತೇವೆ. ತನ್ನ ಹೊರೆಯನ್ನು ತಾನು ಹೊರುವುದರಲ್ಲಿ ಲಜ್ಜೆಯೇನು? ಆದರೆ ಹುಟ್ಟಿದ ಜಾತಿಯ ಕಾರಣದಿಂದಲೇ ಪರರ ಮನೆಯ ಮಲವನ್ನು ತಲೆಯ ಮೇಲೆ ಹೊರಬೇಕಾದ ದುರ್ಗತಿಯು ನಮ್ಮ ಪಟ್ಟಣಗಳಲ್ಲಿ ಬಹುಕಾಲವಿದ್ದಿತು.

ಅದನ್ನು ಕರ್ನಾಟಕದಲ್ಲಿ ನಿಷೇಧಿಸಿದವರು ಶ್ರೀಮಾನ್ ಬಿ. ಬಸವಲಿಂಗಪ್ಪನವರು. ದಲಿತ ಕುಟುಂಬದಲ್ಲಿ ಜನಿಸಿ ವಕೀಲರಾದ ಇವರು, ೧೯೭೨ರಲ್ಲಿ ರಚಿತವಾದ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದರು. ಕೇಂದ್ರದ ಶಾಸನವು ಬಂದುದು ೧೯೯೩ರಲ್ಲಿ ಎಂಬುದನ್ನು ನೆನೆದರೆ ಇವರ ದೂರದೃಷ್ಟಿಯು ವಿದಿತವಾದೀತು.

೧೯೭೩ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂಬ ಅರ್ಥದ ಮಾತನ್ನಾಡಿದರು. ಗಲಭೆಯೆದ್ದಿತು, ಪದವಿಯು ಹೋಯಿತು. ಅವರ ಪಕ್ಷ ವಹಿಸಿದ ತರುಣರ ಒಗ್ಗಟ್ಟೇ ಮುಂದೆ ದಲಿತ ಸಂಘರ್ಷ ಸಮಿತಿಗೆ ದಾರಿಯಾಯಿತು. ಜನರಾದರೋ ಆ ಮಾತನ್ನು ಸ್ಮರಿಸುವಷ್ಟು ಅವರ ಕಾರ್ಯವನ್ನು ಸ್ಮರಿಸುವುದಿಲ್ಲ.

ಆ ಕಾರ್ಯವಾದರೂ ಇನ್ನೂ ಮುಗಿದಿಲ್ಲ. ಹಿತ್ತಿಲಿನ ಶೌಚದ ಗುಂಡಿ ತುಂಬಿದಾಗ, ನಾಲ್ಕು ಕಾಸು ಉಳಿಯಿತೆಂದು ಬಡವನೊಬ್ಬನನ್ನು ರಕ್ಷಣೆಯಿಲ್ಲದೆ ಒಳಗಿಳಿಸುವ ಗೃಹಸ್ಥನು, ಅದೇ ಹೊರೆಯನ್ನು ಮರಳಿ ಅವನ ತಲೆಗೇರಿಸಿದಂತಲ್ಲವೆ? ೨೦೧೩ರ ಶಾಸನವು ಇದಕ್ಕೆ ಶಿಕ್ಷೆಯನ್ನು ವಿಧಿಸಿದೆ. ಶಿಕ್ಷೆಯ ಭಯದಿಂದಲ್ಲ, ಮನುಷ್ಯತ್ವದಿಂದ ಯಂತ್ರದ ಗಾಡಿಯನ್ನೇ ಕರೆಸುವೆವೆಂದು ಪ್ರತಿಯೊಂದು ಮನೆಯವರೂ ನಿಶ್ಚಯಿಸಬೇಕೆಂದು ನಮ್ಮ ಪ್ರಾರ್ಥನೆ.