ಕೂರಲಾಗದ ಹನ್ನೊಂದು ದಿನ

ಈ ವಾರದ ವಿಷಯ ಸ್ವಲ್ಪ ಮುಜುಗರದ್ದು. ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡ್ದೆ. ಕೊನೆಗೆ, ಮುಜುಗರ ಪಟ್ಕೊಂಡೇ ತಾನೇ ಇಷ್ಟೆಲ್ಲ ಆಗಿದ್ದು ಅನ್ನಿಸಿ ಬರೀತಾ ಇದ್ದೀನಿ. ನನಗೆ ಕುರು ಆಗಿತ್ತು. ಎಲ್ಲಿ ಅಂದ್ರೆ, ಕೂರೋ ಜಾಗದಲ್ಲಿ.

ಏಪ್ರಿಲ್ ತಿಂಗಳು. ದಾವಣಗೆರೆಯ ಬಿಸಿಲು ಗೊತ್ತಲ್ಲ, ಬೆಳಗ್ಗೆ ಒಂಬತ್ತಕ್ಕೇ ಬೈಕ್ ಸೀಟು ಕಾದ ಹೆಂಚು. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಿಂದ ಹರಿಹರದ ಆಫೀಸಿಗೆ ದಿನಾ ಬೈಕಲ್ಲಿ ಹೋಗಿ ಬರ್ತೀನಿ. ಬಿಗಿ ಜೀನ್ಸು, ಬೆವರು, ಮೇಲೆ ಎಂಟು ಗಂಟೆ ಕುರ್ಚಿ. ಒಂದು ಸಂಜೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ತು. ಬೆವರುಗುಳ್ಳೆ ಅಂದ್ಕೊಂಡೆ. ಮೂರನೇ ದಿನ ನಿಂಬೆಹಣ್ಣಿನ ಗಾತ್ರ, ಮುಟ್ಟಿದ್ರೆ ಬಿಸಿ, ಎದೆಬಡಿತಕ್ಕೆ ತಕ್ಕ ಹಾಗೆ ಮಿಡಿಯೋ ನೋವು.

ಡಾಕ್ಟರ್ ಹತ್ರ ಹೋಗಿದ್ದೆನಾ? ಇಲ್ಲ. ಮೊದಲು ಕನ್ನಡಿ ಮುಂದೆ ತಿರುಗಿ ನಿಂತು ಹಿಸುಕೋಕೆ ನೋಡ್ದೆ. ಆಮೇಲೆ ಮೆಡಿಕಲ್ ಶಾಪಿಗೆ ಹೋಗಿ, ತಲೆ ತಗ್ಗಿಸಿ, "ಗುಳ್ಳೆ ಆಗೈತೆ" ಅಂದೆ. ಎಲ್ಲಿ, ಎಷ್ಟು ದಿನ, ಏನೂ ಕೇಳದೆ ಮೂರು ಅಜಿತ್ರೋಮೈಸಿನ್ ಕೊಟ್ರು. ಆ ಪಟ್ಟಿಯ ಹಿಂದೆ ಒಂದು ಕೆಂಪು ಗೆರೆ ಇರುತ್ತೆ, ನೀವೂ ನೋಡಿರ್ತೀರಿ. ವೈದ್ಯರ ಚೀಟಿ ಇಲ್ಲದೆ ತಗೋಬೇಡಿ ಅಂತ ಅದರ ಅರ್ಥ. ನಾನೂ ನೋಡ್ದೆ, ನುಂಗ್ದೆ. ತಪ್ಪು ಅಂಗಡಿಯವರದ್ದು ಅರ್ಧ, ನನ್ನದು ಅರ್ಧ.

ಅಮ್ಮನಿಗೆ ಗೊತ್ತಾಗಿದ್ದು ನಾನು ನಿಂತ್ಕೊಂಡು ಊಟ ಮಾಡ್ತಿದ್ದಾಗ. ಸುಟ್ಟ ಈರುಳ್ಳಿಗೆ ಅರಿಶಿನ ಹಚ್ಚಿ ಕಟ್ತೀನಿ ಅಂದ್ರು. ಅಪ್ಪ ಮಾತ್ರ ಹಣೆ ಮುಟ್ಟಿ ನೋಡಿದ್ರು. ಜ್ವರ 101 ಇತ್ತು. "ಏಳಲೇ, ನಡಿ" ಅಂದ್ರು, ಅಷ್ಟೇ. ಆಮೇಲೆ ಗೊತ್ತಾಯ್ತು ಅವರು ಯಾಕೆ ಹೆದರಿದ್ರು ಅಂತ. ಅಪ್ಪನ ತಾತ ಹರಿಹರದಲ್ಲಿ ತೀರಿಕೊಂಡಿದ್ದು ಬೆನ್ನುಫಣಿಯಿಂದ. ಅಂದ್ರೆ ಬೆನ್ನ ಮೇಲೆ ಹಲವು ಬಾಯಿಯ ದೊಡ್ಡ ಕುರು. ಪೆನಿಸಿಲಿನ್ ಇಲ್ಲದ ಕಾಲ.

ಅದು ಹಳ್ಳಿಯ ಕಥೆ ಅಂದ್ಕೋಬೇಡಿ. 1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ ಪೊಲೀಸ್ ಪೇದೆಯ ಮುಖ, ತಲೆಯೆಲ್ಲ ಕೀವುಗಟ್ಟಿ ಒಂದು ಕಣ್ಣೇ ಹೋಗಿತ್ತು. ಆಗಷ್ಟೇ ತಯಾರಾಗ್ತಿದ್ದ ಪೆನಿಸಿಲಿನ್ ಅನ್ನು ಅವನಿಗೆ ಕೊಟ್ರು. ಕೆಲವೇ ದಿನದಲ್ಲಿ ಜ್ವರ ಇಳೀತು, ಹಸಿವು ಬಂತು. ಆದರೆ ಔಷಧದ ದಾಸ್ತಾನೇ ಮುಗಿದುಹೋಯ್ತು. ಅವನ ಮೂತ್ರದಿಂದ ಪೆನಿಸಿಲಿನ್ ಮತ್ತೆ ಬೇರ್ಪಡಿಸಿ ಅವನಿಗೇ ಚುಚ್ಚಿದ್ರು. ಅದೂ ಸಾಲಲಿಲ್ಲ, ಮಾರ್ಚ್ 15ಕ್ಕೆ ತೀರಿಕೊಂಡ. ನಮ್ಮ ಬೀದಿ ತುದಿಯ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗೋ ವಸ್ತುವಿಗೆ ಅಷ್ಟು ಬೆಲೆ ಇತ್ತು.

ಸರ್ಜನ್ ಒಮ್ಮೆ ಒತ್ತಿ ನೋಡಿ, "ಹಣ್ಣಾಗೈತೆ, ಕೊಯ್ಯಬೇಕು" ಅಂದ್ರು. ಮಾತ್ರೆಯಲ್ಲೇ ಹೋಗಲ್ವಾ ಅಂತ ಕೇಳ್ದೆ. ಕೀವು ಕಟ್ಟಿದ ಗೂಡಿನೊಳಗೆ ರಕ್ತನಾಳ ಇರಲ್ಲ, ರಕ್ತದಲ್ಲಿ ಬರೋ ಔಷಧ ಅಲ್ಲಿಗೆ ಸರಿಯಾಗಿ ಮುಟ್ಟಲ್ಲ, ಕೀವು ಹೊರಗೆ ಬರೋದೇ ಮುಖ್ಯ ಚಿಕಿತ್ಸೆ ಅಂದ್ರು. ಕುರು ಹಸಿ ಇದೆಯೋ, ಮಾಗ್ತಿದೆಯೋ, ಹಣ್ಣಾಗಿದೆಯೋ ಅಂತ ನೋಡೋದನ್ನು ನಮ್ಮ ಸುಶ್ರುತನೇ ಒಂದು ಅಧ್ಯಾಯದಲ್ಲಿ ಹೇಳಿದ್ದಾನಂತೆ. ಹಸಿಯನ್ನು ಕೊಯ್ಯೋ ವೈದ್ಯನಿಗೂ, ಹಣ್ಣಾದ್ದನ್ನು ಬಿಡೋ ವೈದ್ಯನಿಗೂ ಬೈದಿದ್ದಾನೆ. ಹಣ್ಣಾದ್ದನ್ನು ತಾನೇ ಮುಚ್ಚಿಟ್ಕೊಂಡು ಓಡಾಡೋ ರೋಗಿಗೆ ಏನಂತಿದ್ದನೋ!

ಮರಗಟ್ಟಿಸೋ ಇಂಜೆಕ್ಷನ್ ಕೊಟ್ರು. ಬಾವು ಬಂದ ಜಾಗದಲ್ಲಿ ಅದು ಪೂರ್ತಿ ಹಿಡಿಯಲ್ಲ ಅಂತ ಮೊದಲೇ ಹೇಳಿದ್ರು, ಹಿಡಿಯಲೂ ಇಲ್ಲ. ಒಂದು ನಿಮಿಷ ನರಕ. ಆಮೇಲೆ ಒತ್ತಡ ಇಳಿದಾಗ ಆದ ಹಾಯ್ ಇದೆಯಲ್ಲ, ಅದನ್ನು ಇಲ್ಲಿ ಬರೆಯೋಕಾಗಲ್ಲ. ಕೀವಿನ ಮಾದರಿ ಲ್ಯಾಬಿಗೆ ಹೋಯ್ತು. ವರದಿ ಬಂದಾಗ ನೋಡಿದ್ರೆ ಸ್ಟೆಫೈಲೊಕಾಕಸ್ ಆರಿಯಸ್. ಕುರುಗಳ ಕೀವಿನಲ್ಲಿ ಈ ದ್ರಾಕ್ಷಿಗೊಂಚಲಿನಂಥ ಬ್ಯಾಕ್ಟೀರಿಯಾವನ್ನು ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ 1880ರಲ್ಲೇ ಗುರುತಿಸಿದ್ದ. ಆರೋಗ್ಯವಂತರ ಮೂಗಿನಲ್ಲೂ ಇದು ಸುಮ್ಮನೆ ವಾಸ ಮಾಡುತ್ತಂತೆ. ನಾನು ನುಂಗಿದ್ದ ಅಜಿತ್ರೋಮೈಸಿನ್‌ಗೆ ಅದು ಬಗ್ಗಲ್ಲ ಅಂತಲೂ ವರದಿಯಲ್ಲಿತ್ತು.

ಹೊಲಿಗೆ ಹಾಕಲಿಲ್ಲ. ಗಾಯ ಒಳಗಿನಿಂದ ಮೇಲಕ್ಕೆ ತುಂಬಿ ಬರಬೇಕಂತೆ. ಮೇಲಿನ ಚರ್ಮ ಮೊದಲೇ ಮುಚ್ಚಿದ್ರೆ ಒಳಗೆ ಮತ್ತೆ ಕೀವು. ಅದಕ್ಕೆ ಕುಳಿಯೊಳಗೆ ಗಾಜ್ ಬಟ್ಟೆಯ ಪಟ್ಟಿ ತುಂಬಿ, ದಿನಾ ಬದಲಾಯಿಸಿ ಅಂದ್ರು. ಯಾರು ಬದಲಾಯಿಸೋದು? ನನ್ನ ಕೈ ಎಟುಕಲ್ಲ, ಕಣ್ಣಿಗೆ ಕಾಣಲ್ಲ. ಅಮ್ಮನಿಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ. ಉಳಿದಿದ್ದು ಅಪ್ಪ.

ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಾವಿಬ್ಬರೂ ಹೆಚ್ಚು ಮಾತಾಡೋ ಪೈಕಿ ಅಲ್ಲ. ಇಪ್ಪತ್ತೊಂಬತ್ತು ವರ್ಷದ ಮಗ ಮಂಚದ ಮೇಲೆ ಬೋರಲು ಮಲಗಿ, ಅರವತ್ತೆರಡರ ಅಪ್ಪ ಕನ್ನಡಕ ಏರಿಸಿ ಟಾರ್ಚ್ ಹಿಡಿದು ನಿಂತ ದೃಶ್ಯ ಊಹಿಸಿಕೊಳ್ಳಿ. ಮೊದಲ ದಿನ ಒಣಗಿದ ಗಾಜ್ ಎಳೆದಾಗ ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತ್ತು. ಎರಡನೇ ದಿನ ನರ್ಸ್ ಹೇಳಿಕೊಟ್ಟ ಹಾಗೆ ಸಲೈನ್ ಹಾಕಿ ಹತ್ತು ನಿಮಿಷ ನೆನೆಸಿ ತೆಗೆದ್ರು. ಡ್ರೆಸಿಂಗ್‌ಗೆ ಅರ್ಧ ಗಂಟೆ ಮುಂಚೆ ಪ್ಯಾರಾಸಿಟಮಾಲ್. ಆಮೇಲೆ ಕೂಗು ನಿಂತಿತು. ಕೈ ತೊಳೆದು, ಗ್ಲೌಸ್ ಹಾಕಿ, ಪಟ್ಟಿಯ ತುದಿ ಒಂಚೂರು ಹೊರಗೆ ಬಿಟ್ಟು... ಯಂತ್ರದ ಭಾಗ ಜೋಡಿಸೋ ಅದೇ ಶ್ರದ್ಧೆ. "ಇವತ್ತು ಅರ್ಧ ಇಂಚು ಕಮ್ಮಿ ಹಿಡೀತು" ಅಂತ ದಿನಾ ಅಳತೆ ಹೇಳೋರು.

ಈಗ ಮಾತ್ರೆಗಳ ವಿಷಯ. ಅಮಾಕ್ಸಿಸಿಲಿನ್ ಕ್ಲಾವುಲನೇಟ್ 625, ಏಳು ದಿನಕ್ಕೆ. ಕೊಯ್ದ ಮೇಲೆ ಆಂಟಿಬಯಾಟಿಕ್ ಬೇಕೇ ಬೇಕಾ ಅಂತ ಆಫೀಸಿನ ಗೆಳೆಯನೊಬ್ಬ ವಾದ ಮಾಡ್ದ. ಅವನ ಮಾತಲ್ಲೂ ಅರ್ಥ ಇದೆ. 2016ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಕೀವು ತೆಗೆಸಿಕೊಂಡು, ಕೋಟ್ರೈಮಾಕ್ಸಜೋಲ್ ಅನ್ನೋ ಬೇರೊಂದು ಆಂಟಿಬಯಾಟಿಕ್ ತಗೊಂಡವರಲ್ಲಿ ಶೇ 80.5 ಜನ ಗುಣವಾದ್ರೆ, ಹುಸಿ ಮಾತ್ರೆ ತಗೊಂಡವರಲ್ಲೂ ಶೇ 73.6 ಜನ ಗುಣವಾದ್ರು. ವ್ಯತ್ಯಾಸ ಇದೆ, ಪವಾಡ ಅಲ್ಲ. ನನಗೆ ಜ್ವರ ಇದ್ದಿದ್ದರಿಂದ ಡಾಕ್ಟರ್ ಬೇಕೇ ಬೇಕು ಅಂದ್ರು.

ಎರಡನೇ ದಿನ ಬಾಯೆಲ್ಲ ತಾಮ್ರದ ರುಚಿ. ಮೂರನೇ ದಿನ ಹೊಟ್ಟೆ ಕೈಕೊಟ್ಟಿತು. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಐದು ಸಲ. ಗಾಯ ಎಲ್ಲಿದೆ ಅಂತ ಮೇಲೆ ಹೇಳಿದ್ದೀನಿ, ಆ ಸ್ಥಿತಿಯಲ್ಲಿ ಭೇದಿ ಅಂದ್ರೆ ಏನು ಅಂತ ವಿವರಿಸಲ್ಲ. ಪ್ರತಿ ಸಲ ತೊಳೆದು, ಡ್ರೆಸಿಂಗ್ ಒದ್ದೆಯಾಗಿದ್ರೆ ಮತ್ತೆ ಅಪ್ಪನನ್ನು ಕರೀಬೇಕು. ಮಾತ್ರೆ ಎಸೆದುಬಿಡೋಣ ಅನ್ನಿಸಿತ್ತು. ಅಮ್ಮನ ಡಬ್ಬಿಯಲ್ಲಿ ಭೇದಿ ನಿಲ್ಲಿಸೋ ಮಾತ್ರೆಯೂ ಇತ್ತು.

ಎರಡನ್ನೂ ಮಾಡದೆ ಈ ಸಲ ಡಾಕ್ಟರಿಗೆ ಫೋನ್ ಮಾಡ್ದೆ. ಮಲದಲ್ಲಿ ರಕ್ತ ಇದೆಯಾ, ಹೊಟ್ಟೆನೋವು ಜೋರಾ, ಮೈಮೇಲೆ ದದ್ದು, ಉಸಿರಾಟದ ತೊಂದರೆ? ಯಾವುದೂ ಇಲ್ಲ ಅಂದೆ. ಔಷಧ ಕೆಟ್ಟ ಬ್ಯಾಕ್ಟೀರಿಯಾ ಜೊತೆ ಕರುಳಿನ ಒಳ್ಳೆಯವನ್ನೂ ಕೊಲ್ಲುತ್ತೆ, ಕ್ಲಾವುಲನೇಟ್ ಇದ್ರೆ ಭೇದಿ ಸಾಮಾನ್ಯ. ಖಾಲಿ ಹೊಟ್ಟೇಲಿ ಬೇಡ, ಊಟದ ಮೊದಲ ತುತ್ತಿನ ಜೊತೆ ತಗೋ ಅಂದ್ರು. ನಾನು ಅಲ್ಲಿಯವರೆಗೆ ಎದ್ದ ಕೂಡ್ಲೇ ನುಂಗ್ತಿದ್ದೆ! ಒಂದು ಪೊಟ್ಟಣ ಓಆರ್‌ಎಸ್ ಒಂದು ಲೀಟರ್ ನೀರಿಗೆ, ಅರ್ಧ ಲೋಟಕ್ಕೆ ಚಿಟಿಕೆ ಅಲ್ಲ. ಭೇದಿ ನಿಲ್ಲಿಸೋ ಮಾತ್ರೆ ಕೇಳದೆ ಬೇಡ, ಕೆಲವೊಮ್ಮೆ ಕರುಳಿನ ಸೋಂಕನ್ನು ಅದು ಕೆಡಿಸುತ್ತೆ. ರಕ್ತ ಕಂಡ್ರೆ, ಮತ್ತೆ ಜ್ವರ ಬಂದ್ರೆ ತಕ್ಷಣ ಬಾ. ಕೋರ್ಸ್ ಮುಗಿದ ಮೇಲೆ ವಾರಗಳ ನಂತರ ಭೇದಿ ಶುರುವಾದ್ರೂ ಈ ಮಾತ್ರೆ ತಗೊಂಡಿದ್ದೆ ಅಂತ ಹೇಳು.

ಮೊಸರನ್ನ, ಬಾಳೆಹಣ್ಣು, ಮಜ್ಜಿಗೆ. ನಮ್ಮೂರಲ್ಲಿ ಬೆಣ್ಣೆ ದೋಸೆ ವಾಸನೆ ಮೂಗಿಗೆ ಬಡಿಯದ ರಸ್ತೆ ಹುಡುಕೋದು ಕಷ್ಟ, ಆದ್ರೂ ಹತ್ತು ದಿನ ಹುಡುಕ್ದೆ. ಮೊಸರು ಔಷಧದಷ್ಟು ಕೆಲಸ ಮಾಡಿತು ಅಂತ ಹೇಳಲಾರೆ, ಆದರೆ ಒಳಗೆ ಇಳೀತಿದ್ದದ್ದು ಅದೊಂದೇ. ಐದನೇ ದಿನ ಗಾಯ ನೋಡಿ ಡಾಕ್ಟರೇ ಮಾತ್ರೆ ನಿಲ್ಲಿಸಿದ್ರು, ಚೆನ್ನಾಗಿ ಕೂಡ್ತಿದೆ ಅಂತ. ಎರಡೇ ದಿನದಲ್ಲಿ ಹೊಟ್ಟೆ ಸರಿಯಾಯ್ತು. ಟವೆಲ್, ಒಳಉಡುಪು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕೋದು, ರೇಜರ್ ಹಂಚಿಕೊಳ್ಳದಿರೋದು ಈಗಲೂ ನಡೀತಿದೆ.

ಆಫೀಸಿಗೆ "ಬೆನ್ನುನೋವು" ಅಂತ ಸುಳ್ಳು ಹೇಳಿ, ಮನೆಯಿಂದ ನಿಂತ್ಕೊಂಡೇ ಕೆಲಸ ಮಾಡ್ದೆ. ಕಾರ್ಲ್ ಮಾರ್ಕ್ಸ್‌ನಂಥವನೇ 'ಕ್ಯಾಪಿಟಲ್' ಬರೆಯುವಾಗ ಕುರುಗಳ ಕಾಟದಿಂದ ಕೂರಲಾಗದ್ದನ್ನು ಗೆಳೆಯ ಎಂಗೆಲ್ಸ್‌ಗೆ ಪತ್ರದಲ್ಲಿ ತೋಡಿಕೊಂಡಿದ್ದ. ಅವನಿಗಿದ್ದ ಧೈರ್ಯ ನನಗಿರಲಿಲ್ಲ, ನೋಡಿ. ಹನ್ನೊಂದನೇ ದಿನ ದಿಂಬಿನ ಮೇಲೆ ಓರೆಯಾಗಿ ಕೂತೆ.

ಇನ್ನೊಂದು ವಿಷಯ ಬಾಕಿ ಇದೆ. ಕುರು ಆದವರಿಗೆ ಸಕ್ಕರೆ ಪರೀಕ್ಷೆ ಮಾಡಿಸೋದು ವಾಡಿಕೆಯಂತೆ. ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. "ಮನೇಲಿ ಯಾರಿಗಾದ್ರೂ ಐತಾ?" ಅಂತ ಡಾಕ್ಟರ್ ಕೇಳಿದಾಗ ಅಪ್ಪ ಇಲ್ಲ ಅಂದ್ರು. ನೀವು ಯಾವಾಗ ಚೆಕ್ ಮಾಡಿಸಿದ್ದು ಅಂತ ಮರುಪ್ರಶ್ನೆ ಬಂತು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ್ರು.

ಕೊನೆಯ ಡ್ರೆಸಿಂಗ್ ದಿನ ಅವರು ಕತ್ತರಿ ಕುದಿಸೋಕೆ ಬಗ್ಗಿದಾಗ ಅವರ ಪಾದ ಕಣ್ಣಿಗೆ ಬಿತ್ತು. ಹಿಮ್ಮಡಿಯಲ್ಲಿ ಬಿರುಕು, ಪಕ್ಕದಲ್ಲಿ ಒಂದು ಕಪ್ಪಗಿನ ಗಾಯ. ಯಾವಾಗ ಆಯ್ತು ಅಂದ್ರೆ, "ನೋವೇ ಇಲ್ಲ ಬಿಡು" ಅಂದ್ರು. ನೋವೇ ಇಲ್ಲ ಅಂದಿದ್ದೇ ನನಗೆ ಭಯ ಆಯ್ತು. ಮರುದಿನ ಬೆಳಗ್ಗೆ ಬೈಕ್ ಹಿಂದೆ ಕೂರಿಸ್ಕೊಂಡು ಲ್ಯಾಬಿಗೆ ಹೋದೆ. ಸೀಟಿನ ಮೇಲೆ ದಿಂಬು ನೋಡಿ ನಕ್ಕರು, ಬೇಡ ಅನ್ನಲಿಲ್ಲ.

ಅಪ್ಪನ ವರದಿ ಶನಿವಾರ ಬರುತ್ತೆ.